ಡೈನೋಸಾರಿನ ಗರಿಗೆ ಸೊನ್ನೆ ಅಂಕ

ಹೋದ ಶನಿವಾರ ನಾನೊಂದು ಡೈನೋಸಾರಿನ ಗರಿ ಕಿತ್ತೆ. ಪುಂಜಾಲಕಟ್ಟೆಯಲ್ಲಿ, ತುಂಬಿದ ಸಭೆಯ ಎದುರು.

ಶಾಲಾ ಮಕ್ಕಳ ಕ್ವಿಜ್ ಅದು. ಪೇಪರಿನಲ್ಲಿ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಂಟಲ್ಲ, ಹಾಗಾಗಿ ನಾನೇ ಕ್ವಿಜ್ ಮಾಸ್ಟರ್. ಪ್ರಶ್ನೆಗಳು? ಮನೆಯಲ್ಲಿದ್ದ ಓಬೀರಾಯನ ಕಾಲದ ಸಾಮಾನ್ಯ ಜ್ಞಾನದ ಪುಸ್ತಕದಿಂದ ಎತ್ತಿದವು. (ನಗಬೇಡಿ, ನೀವಾದರೂ ಅದನ್ನೇ ಮಾಡುತ್ತಿದ್ದಿರಿ.)

ಕೊನೆಗೆ ಎರಡು ತಂಡಗಳು ಸಮಸಮ. ಗೆದ್ದವರಿಗೆ ಮಂಗಳೂರಿನ ಫೈನಲ್. "ಗರಿ ಯಾವ ಜೀವಿಗಳಿಗೆ ಮಾತ್ರ ಇರುತ್ತದೆ?" ಎಂದು ಕೇಳಿದೆ. ಮಡಂತ್ಯಾರಿನ ಎಂಟನೇ ಕ್ಲಾಸಿನ ಸಫಿಯಾ ಎದ್ದು ನಿಂತಳು.

"ಹಕ್ಕಿಗೆ ಮಾತ್ರ ಅಂತ ಇಲ್ಲ ಸರ್. ಡೈನೋಸಾರಿಗೂ ಇತ್ತು. ಚೀನಾದಲ್ಲಿ ಹೊಸ ಜಾತಿಯದ್ದು ಸಿಕ್ಕಿದೆ. ಕಲ್ಲಿನಲ್ಲಿ ಗರಿಯ ಅಚ್ಚು ಉಂಟು."

ಸಭೆ ಗೊಳ್ಳೆಂದಿತು. ನಾನಾದರೂ ಸುಮ್ಮನಿರಬಾರದೇ? "ಹಾಗಾದ್ರೆ ಮೊಟ್ಟೆಗೆ ಕಾವು ಕೂತಿತ್ತಾ ಮಾರಾಯ್ತಿ?" ಎಂದೆ.

"ಕೂತಿತ್ತು ಸರ್."

ಮತ್ತಷ್ಟು ನಗು. ಸೊನ್ನೆ ಕೊಟ್ಟೆ. ಪಕ್ಕದ ತಂಡ "ಹಕ್ಕಿ" ಎಂದಿತು, ಗೆದ್ದಿತು.

ಸೋಮವಾರ ಅವಳ ಅಪ್ಪ ಮನೆಗೆ ಬಂದರು. ಮಡಂತ್ಯಾರಿನಲ್ಲಿ ದಿನಸಿ ಅಂಗಡಿ ಇಟ್ಟವರು. "ಜಗಳಕ್ಕೆ ಬಂದದ್ದಲ್ಲ ಸರ್. ಮಗಳು ಶಾಲೆಗೆ ಹೋಗುವುದಿಲ್ಲ ಅಂತ ಕೂತಿದ್ದಾಳೆ. ಅವಳು ಹೇಳಿದ್ದು ಸುಳ್ಳಾ ಅಂತ ನೀವೇ ನೋಡಿ ಹೇಳಿ."

ಜೇಬಿನಿಂದ ಜೀರಿಗೆ ವಾಸನೆಯ ಪೇಪರೊಂದನ್ನು ತೆಗೆದರು. ಸಾಮಾನು ಕಟ್ಟಲು ತಂದ ರದ್ದಿಯನ್ನು ಮಗಳು ಓದಿ ಮುಗಿಸದೆ ಅವರು ಹರಿಯುವ ಹಾಗಿಲ್ಲವಂತೆ. ನೋಡಿದರೆ ಪಳೆಯುಳಿಕೆಯ ಫೋಟೋ. ಎಲುಬಿನ ಸುತ್ತ ನವಿರಾದ ಗರಿಗಳ ಗುರುತು. ಕಾವು ಕೂತ ಸಂಗತಿಯೂ ಇತ್ತು.

ಪುಟ ತಿರುಗಿಸಿದೆ. ಹಿಂದೆ ನನ್ನದೇ ಅಂಕಣ! ಆ ದಿನದ ಪೇಪರಿನಲ್ಲಿ ನಾನು ಓದಿದ್ದು ಅದೊಂದನ್ನೇ.

ಸಂಘಟಕರಿಗೆ ಫೋನ್ ಮಾಡಿ, ಸಫಿಯಾಳ ಉತ್ತರ ಸರಿ, ಅಂಕ ತಿದ್ದಬೇಕು ಎಂದೆ. "ಗೆದ್ದವರ ಹೆಸರು ಮಂಗಳೂರಿಗೆ ಕಳಿಸಿ ಆಯ್ತಲ್ಲ ಸರ್! ತೀರ್ಪುಗಾರರ ತೀರ್ಮಾನವೇ ಅಂತಿಮ. ಈಗ ನೀವೇ ಹೀಗೆ ಹೇಳಿದ್ರೆ ಹೇಗೆ?" ಎಂದರು. ಒಂದು ಕಲ್ಲು ಸಿಕ್ಕಿದ್ದಕ್ಕೆ ವಿಜ್ಞಾನಿಗಳು ಪಾಠವನ್ನೇ ತಿದ್ದುತ್ತಾರೆ. ನಮ್ಮಲ್ಲಿ ಒಂದು ಅಂಕ ತಿದ್ದಲು ಆಗುವುದಿಲ್ಲ.

ಸಂಜೆ ಅಂಗಡಿಗೇ ಹೋದೆ. ಸಫಿಯಾ ಹೆಸರುಕಾಳು ಆರಿಸುತ್ತಿದ್ದಳು. "ನಿನ್ನ ಉತ್ತರ ಸರಿ, ತಪ್ಪು ನನ್ನದು" ಎಂದೆ.

ಅವಳು ತಲೆ ಎತ್ತಿದಳು. "ಆಯ್ತು ಸರ್. ಆದ್ರೆ ಅವತ್ತು ನಕ್ಕವರಿಗೆಲ್ಲ ಯಾರು ಹೇಳ್ತಾರೆ?"