ಮೋತಿಯ ಉಣ್ಣಿ, ಅವ್ವನ ಜ್ವರ

ಗೆಳೆಯರೇ, ಇವತ್ತು ನಮ್ಮ ನಾಯಿಯ ಕಿವಿಯಲ್ಲಿ ಉಣ್ಣಿ ಕಂಡು ಅವ್ವ ನೆನಪಾದಳು. ಎಂಬತ್ತರ ದಶಕದಲ್ಲಿ, ಕಲಘಟಗಿ ಹತ್ತಿರದ ನಮ್ಮೂರಿನಲ್ಲಿ, ಆಕೆ ದಿನಾ ಮಧ್ಯಾಹ್ನ ನಾಯಿ ಮೋತಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಣ್ಣಿ ಕಿತ್ತು, ಉಗುರಿನಿಂದ ಹಿಸುಕುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಆಕೆಗೆ ಬಂದ ಜ್ವರ ಐದು ದಿನವಾದರೂ ಇಳಿಯಲಿಲ್ಲ. ಅಂಗೈಯಲ್ಲೂ ಕೆಂಪು ಗುಳ್ಳೆ ಎದ್ದವು. ಅವ್ವನ ಮಾತೇ ನಿಂತಾಗ ಅಪ್ಪ ಹೆದರಿ ಚಕ್ಕಡಿ ಕಟ್ಟಿದ.

ಕಲಘಟಗಿಯ ಡಾಕ್ಟರು ಅಂಗೈ ನೋಡಿದವರೇ, "ಮನ್ಯಾಗ ನಾಯಿ ಐತೇನ್ರಿ?" ಎಂದರು. "ಈ ಜಡ್ಡಿನ ಕ್ರಿಮಿ ಉಣ್ಣಿ ಹೊಟ್ಟ್ಯಾಗ ಇರ್ತೈತ್ರಿ. ಅದು ಕಚ್ಚಿ ರಕ್ತ ಹೀರೂ ಮುಂದ ಜೊಲ್ಲಿನ ಜೋಡಿ ನಮ್ಮ ಮೈಯಾಗ ಇಳೀತೈತಿ. ಹಿಸುಕಿದ್ರ ಕೈಯಾಗಿನ ಗಾಯದಿಂದನೂ ಹೋಗ್ತೈತಿ."

ಗುಳಿಗೆ ನುಂಗಿದ ಮೂರನೆಯ ದಿನ ಜ್ವರ ಬಿಟ್ಟಿತು. ಅಪ್ಪ ಗುಡುಗಿದ: "ಆ ನಾಯೀನ ಇವತ್ತ ಅಳ್ನಾವರ ಅಡವ್ಯಾಗ ಬಿಟ್ಟ ಬರ್ತೀನಿ."

"ಹಂಗಾರ ನನ್ನೂ ಅಲ್ಲೇ ಬಿಟ್ಟ ಬರ್ರಿ," ಎಂದಳು ಅವ್ವ, ಹಾಸಿಗೆಯಿಂದಲೇ.

ಮರುದಿನ ನೋಡಿದರೆ ಅಪ್ಪ ಕಟ್ಟೆಯ ಮೇಲೆ ಮೋತಿಯನ್ನು ಕೂರಿಸಿಕೊಂಡು, ಕೈಗೆ ಅರಿವೆ ಸುತ್ತಿ, ಮುಳ್ಳು ತೆಗೆಯುವ ಚಿಮಟಿಗೆಯಿಂದ ಒಂದೊಂದೇ ಉಣ್ಣಿ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದ.

ಅವ್ವ ಬಾಗಿಲಿಗೆ ಒರಗಿ ನಕ್ಕಳು. "ಇಪ್ಪತ್ತ ವರ್ಷ ಸಂಸಾರ ಮಾಡೀನಿ, ನನ್ನ ತಲ್ಯಾಗಿನ ಹೇನ ಒಂದಿನಾನೂ ನೋಡಲಿಲ್ಲ ಈ ಪುಣ್ಯಾತ್ಮ!"

ಅಪ್ಪ ತಲೆ ಎತ್ತದೆ ಹೇಳಿದ: "ಹೇನಿಗೆ ನಾ ಯಾವತ್ತೂ ಅಂಜಿಲ್ಲ ಬಿಡ."