ನೀರಿಲ್ಲದ ಕೂಲರ್

ಶಹಾಪುರದ ನಮ್ಮ ವಾಚನಾಲಯದಲ್ಲಿ ಮಾತಾಡಬಾರದು ಎಂಬ ನಿಯಮವಿದೆ. ಕೆಮ್ಮಬಾರದು ಎಂಬ ನಿಯಮವಿಲ್ಲ. ಹೀಗಾಗಿ ಹೇಳಬೇಕಾದ್ದನ್ನೆಲ್ಲ ನಾವು ಕೆಮ್ಮಿನಲ್ಲೇ ಹೇಳುತ್ತ ಬಂದಿದ್ದೇವೆ. ಪೇಪರು ಹಿಡಿದವನು ಎಷ್ಟು ಹೊತ್ತಾದರೂ ಬಿಡುತ್ತಿಲ್ಲವೆಂದರೆ ಪಕ್ಕದವನದು ಒಂದು ಉದ್ದನೆಯ ಒಣಕೆಮ್ಮು. ಗ್ರಂಥಪಾಲಕ ಹಣಮಂತರಾಯ ಬರುತ್ತಿದ್ದಾನೆ, ಮೊಬೈಲು ಒಳಗಿಡಿ ಎನ್ನುವುದಕ್ಕೆ ಚಿಕ್ಕದೊಂದು ಕೆಮ್ಮು. ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತನಾಗಿ ದಿನಾ ಅಲ್ಲಿ ಹೋಗಿ ಕೂಡುವ ನಾನು ಈ ಭಾಷೆಯಲ್ಲಿ ಸಾಕಷ್ಟು ಪಳಗಿದ್ದೇನೆ. ಆದರೆ ಭತ್ತದ ಕೊಯ್ಲು ಮುಗಿದ ಮೇಲೆ ಬರುವ ಕೆಮ್ಮಿಗೆ ಯಾವ ಅರ್ಥವೂ ಇರುವುದಿಲ್ಲ. ಅದು ಬರೀ ಕೆಮ್ಮು.

ನಾನು ಚಿಕ್ಕವನಿದ್ದಾಗ ಹೊಲಕ್ಕೆ ಬೆಂಕಿ ಇಡುವುದೆಂದರೆ ಹಗೆ ತೀರಿಸಿಕೊಳ್ಳುವ ಕೆಲಸ. ಆಗ ಬೆಳೆಯುತ್ತಿದ್ದುದು ಜೋಳ, ತೊಗರಿ. ಜೋಳದ ಕಣಿಕೆ ದನಕ್ಕೆ, ತೊಗರಿಯ ಕಟ್ಟಿಗೆ ಒಲೆಗೆ. ಸುಡಲು ಉಳಿಯುತ್ತಿದ್ದುದಾದರೂ ಏನು? ಆಮೇಲೆ ಕೃಷ್ಣೆ ಕಾಲುವೆ ಹಿಡಿದು ಬಂದಳು. ಅವಳ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಕೊಯ್ಯುವ ಯಂತ್ರ ಬಂತು. ಅದು ಕಾಳು ನುಂಗಿ ಹುಲ್ಲನ್ನು ಗದ್ದೆಯಲ್ಲೇ ಉಗುಳಿ ಮುಂದಕ್ಕೆ ಹೋಗುತ್ತದೆ. ಉಳಿದ ಹುಲ್ಲಿಗೆ ಕಡ್ಡಿ ಗೀರುತ್ತಾರೆ. ನಮ್ಮ ಕಾಕಾನ ಮಗ ಮಲ್ಲಪ್ಪನೂ ಗೀರುತ್ತಾನೆ. ಒಮ್ಮೆ ಅವನಿಗೆ ಬುದ್ಧಿ ಹೇಳಲು ಹೋಗಿದ್ದೆ.

"ಅಣ್ಣಾ, ಕಾಲುವಿಗಿ ಮತ್ತ ನೀರು ಬಿಡೋದ್ರೊಳಗ ಹೊಲ ಹಸನ ಆಗಬೇಕು" ಎಂದ. "ಹುಲ್ಲು ಆರಿಸಿಕೋತ ಕುಂತ್ರ ನಾಟಿ ಹಚ್ಚಾಕ ನೀ ಬರ್ತೀಯೇನು?"

ನಮ್ಮ ಮನೆಯ ಅನ್ನದ ಅಕ್ಕಿ ಅವನ ಗದ್ದೆಯದೇ. ಸುಮ್ಮನೆ ಎದ್ದು ಬಂದೆ.

ನಾನು ಹಾಗೆಯೇ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ, ನಾಗಮ್ಮ ಇರದಿದ್ದರೆ. ಈಕೆ ಕೊಂಕಲ್‌ನಿಂದ ಬಸ್ಸಿಗೆ ಬಂದು ನಮ್ಮ ವಾಚನಾಲಯದಲ್ಲಿ ಓದುತ್ತಿದ್ದ ಹೆಣ್ಣುಮಗಳು. ಹತ್ತಿ ಬಿಡಿಸುವ ಕೂಲಿ ಮಾಡುತ್ತಲೇ ಬಿ.ಎಡ್. ಮುಗಿಸಿದವಳು, ಎರಡು ಮಕ್ಕಳ ತಾಯಿ. ಶಿಕ್ಷಕರ ಆಯ್ಕೆ ಪರೀಕ್ಷೆಗೆ ಕೂಡಲು ವಯಸ್ಸಿನ ಲೆಕ್ಕದಲ್ಲಿ ಇದೇ ಅವಳ ಕೊನೆಯ ಸಲ. ಜೊತೆಗೆ ದಮ್ಮು. ಹೊಗೆಯ ದಿನಗಳಲ್ಲಿ ಮೂಗಿಗೆ ಸೆರಗು ಸುತ್ತಿಕೊಂಡು ಓದುತ್ತಿದ್ದಳು. ಒಂದು ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿದ್ದರೂ ಹೊಗೆ ಒಳಗೆ ತುಂಬಿತು. ನಾಗಮ್ಮ ಪುಸ್ತಕದ ಮೇಲೆ ಬಗ್ಗಿದವಳು ಏಳಲಿಲ್ಲ. ಅವಳ ಎದೆಯ ಸೀಟಿ ಕೋಣೆಗೆಲ್ಲ ಕೇಳುತ್ತಿತ್ತು. ಹಣಮಂತರಾಯನೂ ನಾನೂ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ಉಸಿರು ಹದಕ್ಕೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು: "ನಾಳಿಂದ ನಾ ಬರಂಗಿಲ್ರಿ ಸರ್. ಮನ್ಯಾಗ ಓದಾಕ ಮಕ್ಕಳು ಬಿಡಂಗಿಲ್ಲ, ಇಲ್ಲಿ ಉಸುರು ಬಿಡಾಕ ಆಗವಲ್ದು. ಸಾಕಾತು."

"ಒಂದು ವಾರ ತಡಿ ತಂಗಿ. ಆ ಕೋಣಿ ಗಾಳಿ ನಾ ತೊಳಿತೀನಿ" ಎಂದೆ.

ಮಾತು ಬಾಯಿಂದ ಜಾರಿಹೋಗಿತ್ತು. ಗಾಳಿ ತೊಳೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ, ಗಾಳಿ ಸೋಸುವ ಯಂತ್ರದ ಬೆಲೆ ಕೇಳಿ ಹಣಮಂತರಾಯ ಫೋನು ಇಟ್ಟೇಬಿಟ್ಟಿದ್ದ. ಆದರೆ ಮಾಸ್ತರನಾದವನು ಆಡಿದ ಮಾತನ್ನು ನುಂಗುವುದು ಕಷ್ಟ. ಆಡಿ ಆಡಿಯೇ ಬದುಕಿದ ಜಾತಿ ನಮ್ಮದು.

ಮನೆಗೆ ಬಂದು ತಲೆ ಕೆರೆಯುತ್ತ ಕೂತಾಗ ಕಣ್ಣಿಗೆ ಬಿದ್ದದ್ದು ಕೂಲರ್. ನಮ್ಮ ಕಡೆ ಬೇಸಿಗೆಯಲ್ಲಿ ಮನೆದೇವರ ನಂತರದ ಸ್ಥಾನ ಅದರದು. ತಗಡಿನ ಪೆಟ್ಟಿಗೆ, ಮುಂದೆ ಫ್ಯಾನು, ಉಳಿದ ಮೂರು ಕಡೆ ಹುಲ್ಲಿನ ಪರದೆ. ಫ್ಯಾನು ಹುಲ್ಲಿನ ಮೂಲಕ ಗಾಳಿ ಎಳೆದು ಮುಂದಕ್ಕೆ ಬಿಡುತ್ತದೆ. ಹುಲ್ಲು ತೆಗೆದು ಅಲ್ಲಿ ಸೋಸುವ ಬಟ್ಟೆ ಕೂಡಿಸಿದರೆ? ನೀರು ಬೇಡ, ಪಂಪು ಬೇಡ. ನನ್ನ ಹೆಂಡತಿ ಶಾಂತಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಸಗಿ ಬಂದ್ರ ನಿಮ್ಮ ವಿಜ್ಞಾನ ನನಗ ಗಾಳಿ ಹಾಕತದೇನ್ರಿ?"

ನಾಗಮ್ಮನ ಸಂಗತಿ ಹೇಳಿದೆ. ಬಾಗಿಲಿನಿಂದ ಸರಿದು, "ಒಯ್ರಿ" ಎಂದಳು. ನಾನು ಹುಲ್ಲು ಕೀಳುವಾಗ ಸ್ಕ್ರೂಡ್ರೈವರ್ ಹಿಡಿದುಕೊಂಡು ತಾನೂ ಬಂದಳು.

ಮೊದಲು ಅವಳ ಹಳೆಯ ಸೀರೆಯನ್ನು ಮಡಿಕೆ ಹಾಕಿ ಬಿಗಿದೆವು. ಫ್ಯಾನಿಗೇ ದಮ್ಮು ಹತ್ತಿದಂತೆ ಸದ್ದು ಮಾಡಿತೇ ಹೊರತು ಗಾಳಿ ಬರಲಿಲ್ಲ. ಕಲಬುರಗಿಗೆ ಹೋಗಿ, ದೊಡ್ಡ ಕಟ್ಟಡಗಳ ಎಸಿಗೆ ಹಾಕುವ, ನೆರಿಗೆ ನೆರಿಗೆಯಾದ ಬಿಳಿ ಫಿಲ್ಟರ್ ತಂದೆ. ನೆರಿಗೆ ಇದ್ದಷ್ಟೂ ಬಟ್ಟೆ ಹೆಚ್ಚು ಹಿಡಿಸುತ್ತದೆ, ಗಾಳಿಗೆ ದಾರಿ ಸಲೀಸಾಗುತ್ತದೆ. ನಮ್ಮ ಎದೆಗೂಡಿನೊಳಗೂ ಇದೇ ಉಪಾಯ ನಡೆದಿದೆ ಎಂದು ಎಷ್ಟು ವರ್ಷ ಪಾಠ ಮಾಡಿದ್ದೆ! ಮೂರೂ ಕಡೆ ಕೂಡಿಸಿ ಗುಂಡಿ ಒತ್ತಿದೆ. ಗಾಳಿಯೇನೋ ಬಂತು, ಆದರೆ ಹೊಗೆಯ ವಾಸನೆ ಹಾಗೇ ಇತ್ತು. ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸುತ್ತ ಹಿಡಿಯುತ್ತ ಬಂದರೆ, ಮೂಲೆಮೂಲೆಯ ಸಂದಿಗಳಲ್ಲಿ ಹೊಗೆಯ ಎಳೆ ಸರ್ರನೆ ಒಳಗೆ ನುಸುಳುತ್ತಿತ್ತು. ಗಾಳಿಯೂ ನನ್ನ ಹಿಂದಿನ ಬೆಂಚಿನ ಹುಡುಗರ ಹಾಗೆ. ಬಾಗಿಲು ಬಿಟ್ಟು ಸಂದಿ ಹುಡುಕುತ್ತದೆ. ರಟ್ಟು, ಅಂಟುಪಟ್ಟಿ ಹಿಡಿದು ಕೂತೆವು. ನೀರು ಬಸಿಯುವ ತಳದ ತೂತನ್ನೂ ಮುಚ್ಚಿದೆವು. ಊದುಬತ್ತಿಯ ಹೊಗೆ ಫಿಲ್ಟರಿನತ್ತಲೇ ಬಾಗಿ ಹೋಗತೊಡಗಿದಾಗ ಶಾಂತಾಬಾಯಿ ಪೂಜೆ ಮುಗಿದಂತೆ ಕೈ ಮುಗಿದಳು.

ವಾಚನಾಲಯದಲ್ಲಿ ಸ್ವಾಗತ ಅಷ್ಟು ಭಕ್ತಿಯಿಂದ ಆಗಲಿಲ್ಲ. ಪೊಲೀಸ್ ಪರೀಕ್ಷೆಗೆ ಓದುವ ಒಬ್ಬಾತ, "ಓದಾಕ ಬಂದೀವೋ ಗಿರಣಿಗಿ ಬಂದೀವೋ?" ಎಂದ. ಇನ್ನೊಬ್ಬ ಅದರ ಮುಂದೆಯೇ ಕುರ್ಚಿ ಹಾಕಿ ಕೂತು, "ತಂಪ ಬರವಲ್ದಲ್ರಿ ಸರ್, ಒಂದು ಕೊಡ ನೀರು ಹಾಕಲೇನು?" ಎಂದು ಕೇಳಿದ. ಸಂಜೆಗೆ ಹಣಮಂತರಾಯ ಬಂದು ನಿಂತ.

"ಎಲ್ಲಾರೂ ಬೈಯಾಕತ್ಯಾರ್ರಿ ಮಾಸ್ತರ. ಬಂದ್ ಮಾಡತೀನಿ."

"ಮಾಡಬ್ಯಾಡ" ಎಂದೆ. "ಸದ್ದು ಕಮ್ಮಿ ಮಾಡೂ ಜವಾಬ್ದಾರಿ ನಂದು. ಫಿಲ್ಟರ್ ಬಿಳೇದೇ ಉಳಿದ್ರ ನೀನ ಇದನ್ನ ಎತ್ತಿ ಹೊರಗ ಒಗಿ."

ಫ್ಯಾನಿನ ವೇಗ ಇಳಿಸಿ, ಪೆಟ್ಟಿಗೆಯ ಕಾಲಿಗೆ ಸೈಕಲ್ ಟ್ಯೂಬಿನ ತುಂಡು ಕೊಟ್ಟು, ಗೋಡೆಯಿಂದ ದೂರ ಸರಿಸಿದೆ. ಗಿರಣಿ ಇಳಿದು ಜೇನುಗೂಡಾಯಿತು. ದಿನಗಳು ಕಳೆದಂತೆ ಫಿಲ್ಟರ್ ಚಹಾದ ಬಣ್ಣಕ್ಕೆ ಬಂತು, ಆಮೇಲೆ ರೊಟ್ಟಿ ಹಂಚಿನ ತಳದ ಬಣ್ಣಕ್ಕೆ. ಬದಲಿಸುವಾಗ ಹಣಮಂತರಾಯ ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಹಿಡಿದು ನೋಡಿದ.

"ಇದೆಲ್ಲಾ ನಮ್ಮ ಎದ್ಯಾಗ ಹೋಗೂದಿತ್ತೇನ್ರಿ?"

ಆ ಕಪ್ಪು ಫಿಲ್ಟರನ್ನು ಅವನು ನೋಟಿಸ್ ಬೋರ್ಡಿಗೆ ತೂಗುಹಾಕಿದ. ನಮ್ಮ ವಾಚನಾಲಯದಲ್ಲಿ ಅಷ್ಟು ಜನ ನಿಂತು ಓದಿದ ನೋಟಿಸ್ ಬೇರೊಂದಿಲ್ಲ.

ನಾಗಮ್ಮ ಮರಳಿ ಬಂದಳು. ಪೆಟ್ಟಿಗೆ ಅವಳ ದಮ್ಮನ್ನು ವಾಸಿ ಮಾಡಿತೆಂದರೆ ಸುಳ್ಳಾಗುತ್ತದೆ. ಡಾಕ್ಟರು ಕೊಟ್ಟ ಸೇದುವ ಔಷಧಿ ಅವಳ ಚೀಲದಲ್ಲಿ ಇದ್ದೇ ಇತ್ತು. ಮೊದಮೊದಲು ಸೆರಗನ್ನು ಮೂಗಿನಿಂದ ಸರಿಸಿ, ಒಮ್ಮೆ ಗಾಳಿಯನ್ನು ಮೂಸಿ ನೋಡಿ, ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಬರಬರುತ್ತ ಸೆರಗು ಹೆಗಲಿಗೇ ಉಳಿಯಿತು.

ಪರೀಕ್ಷೆಗೆ ಮುಂಚಿನ ಒಂದು ಮಧ್ಯಾಹ್ನ. ಹೊರಗೆ ಗದ್ದೆಗಳ ಕಡೆಯಿಂದ ದಟ್ಟ ಹೊಗೆ ಎದ್ದಿತ್ತು. ಒಳಗೆ ನಾಗಮ್ಮ ತೆರೆದ ಪುಸ್ತಕದ ಮೇಲೆ ತಲೆಯಿಟ್ಟಿದ್ದಳು. ಹಣಮಂತರಾಯ ಗಾಬರಿಯಿಂದ ಓಡಿಬಂದ. ನಾನೂ ಎದ್ದೆ. ಇಬ್ಬರೂ ಬಗ್ಗಿ ಕಿವಿಗೊಟ್ಟೆವು. ಸೀಟಿ ಇಲ್ಲ, ಏದುಸಿರಿಲ್ಲ. ನಸುಕಿಗೆ ಎದ್ದು ಬುತ್ತಿ ಕಟ್ಟಿ ಬಸ್ಸು ಹಿಡಿದು ಬಂದ ಹೆಂಗಸು ಬಾಯಿ ಅರೆತೆರೆದು ಗಾಢವಾಗಿ ನಿದ್ದೆ ಮಾಡುತ್ತಿದ್ದಳು.

ವಾಚನಾಲಯದಲ್ಲಿ ಮಲಗಬಾರದೆಂಬ ನಿಯಮವೂ ನಮ್ಮಲ್ಲಿದೆ. ಹಣಮಂತರಾಯ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ತುದಿಗಾಲಲ್ಲಿ ಹೋಗಿ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ ಬಂದ.