ಆಯುಧಪೂಜೆಗೆ ತೊಳೆದ ಮೋಟಾರು

ಆಗೆಲ್ಲ ಹಿಟ್ಟಿನ ಗಿರಣಿಗೂ ಮೈ ತೊಳೆಯುವ ಹಬ್ಬವೊಂದಿತ್ತು. ಆಯುಧಪೂಜೆ ಬಂತೆಂದರೆ ಸೈಕಲ್ಲು, ಕುಡುಗೋಲುಗಳ ಜೊತೆ ಮೋಟಾರಿನ ಮೇಲೂ ಕೊಡಗಟ್ಟಲೆ ನೀರು ಬೀಳುತ್ತಿತ್ತು. ನಿಮ್ಮ ಮನೆಯಲ್ಲೂ ಹಾಗೇ ಮಾಡಿರುತ್ತೀರಿ. ಈಗಲೂ ಮಾಡುತ್ತಿದ್ದರೆ ಇದನ್ನು ಪೂರ್ತಿ ಓದಿ.

ಜಗಳೂರಿನಲ್ಲಿ ನಮ್ಮದೊಂದು ಗಿರಣಿಯಿತ್ತು. ಯಜಮಾನಿಕೆ ಅಜ್ಜನದು, ದುಡಿಮೆ ಅಪ್ಪನದು, ಗುಡಿಸಿ ತೊಳೆಯುವುದೆಲ್ಲ ಅವ್ವನದು. ಆ ವರ್ಷ ಹಬ್ಬದ ಬೆಳಗ್ಗೆ ಅವ್ವ ಆಗಲೇ ಗಿರಣಿ, ಮೋಟಾರು ತೊಳೆದು ಮುಗಿಸಿದ್ದಳು; ನಾನೂ ತಂಗಿಯೂ ಹುಬ್ಬಿಗೆ ಹಿಟ್ಟು ಮೆತ್ತಿಕೊಂಡು ಮುದುಕರ ಆಟ ಆಡುತ್ತಿದ್ದೆವು. ನೆಂದ ಹಿಟ್ಟಿನ ಹುಳಿ ವಾಸನೆ, ಚೆಂಡುಹೂವಿನ ಘಾಟು, ಪೂಜೆಗೆಂದು ಬೆಲ್ಲ ಕೊಬ್ಬರಿ ಕಲಸಿಟ್ಟ ಮಂಡಕ್ಕಿ.

ಅಷ್ಟರಲ್ಲಿ ವೈರ್‌ಮನ್ ಬಾಷಾ ಸಾಬರು ಬಂದರು. ಹಿಂದಿನ ದಿನ ಗಿರಣಿಯ ಕಬ್ಬಿಣ ಮುಟ್ಟಿದ ಗಿರಾಕಿಯೊಬ್ಬಳಿಗೆ ಕೈ ಜುಮ್ಮೆಂದಿತ್ತೆಂದು ಅಪ್ಪನೇ ಕರೆಸಿದ್ದ. ಅವರು ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು, ಮೋಟಾರಿನ ಡಬ್ಬಿ ಬಿಚ್ಚಿ, ಮೂರು ಫೇಸಿನ ತಾಮ್ರದ ತಂತಿಸುತ್ತುಗಳನ್ನು ಬೇರೆ ಬೇರೆ ಮಾಡಿದರು. ಕರೆಂಟು ಸೋರುವುದನ್ನು ಅಳೆಯುವ ಮೆಗ್ಗರ್ ಪೆಟ್ಟಿಗೆಯ ಒಂದು ತಂತಿ ಒಂದು ಸುತ್ತಿನ ತುದಿಗೆ, ಇನ್ನೊಂದು ಮೋಟಾರಿನ ಮೈಗೆ. ಹಿಡಿ ತಿರುಗಿಸಿದಾಗ ಮುಳ್ಳು ಅಡ್ಡ ಮಲಗಿದ ಇಂಗ್ಲಿಷ್ ಎಂಟರಂಥ ಗುರುತಿನತ್ತ ಹೋದರೆ ಕರೆಂಟು ಮೈಗೆ ಸೋರುವುದಿಲ್ಲ. ಸೊನ್ನೆಗೆ ಬಿದ್ದರೆ ಸೋರುತ್ತದೆ. ಮಕ್ಕಳಾದ ನಮಗೂ ಇಷ್ಟನ್ನು ಬಿಡಿಸಿ ಹೇಳಿದರು.

ಮೊದಲ ಸುತ್ತಿಗೆ ಮುಳ್ಳು ಎದ್ದಿತು. ಎರಡನೆಯದಕ್ಕೂ ಎದ್ದಿತು. ಮೂರನೆಯದಕ್ಕೆ ಸೊನ್ನೆಯ ಮೇಲೆ ಬಿದ್ದು ಅಲ್ಲೇ ಕೂತಿತು.

“ನೀರು ಒಳಗೆ ಹೋಗೈತೆ ಯಜಮಾನ್ರೆ. ಅರ್ಥಿಂಗ್ ತಂತೀನೂ ತುಕ್ಕು ಹಿಡಿದು ಕಿತ್ತೈತೆ. ಚೆನ್ನಾಗಿ ಒಣಗಬೇಕು.”

“ಪೂಜೆ ಹೊತ್ತು ಮೀರತೈತೆ ಸಾಬ್ರೆ. ಹತ್ತು ನಿಮಿಷ ಓಡ್ಸಿ ನಿಲ್ಸಿದ್ರಾತು,” ಎಂದರು ಅಜ್ಜ.

“ಒಂದು ನಿಮಿಷಾನೂ ಬ್ಯಾಡ್ರಿ.”

“ಮೂರರಾಗೆ ಎರಡು ಚೆನ್ನಾಗವೆ ಅಂದ್ಯಲ್ಲ? ಮತ್ತಿನ್ನೇನು?”

“ಇದು ಎಮ್ಮೆ ಸಂತೆ ಅಲ್ರೀ, ಚೌಕಾಸಿ ಮಾಡಾಕೆ.”

ಅಜ್ಜ ಚೌಕಾಸಿಯಲ್ಲಿ ಸೋತದ್ದನ್ನು ನಾನು ಕಂಡಿರಲಿಲ್ಲ. ನಾನು ವ್ಯಾಪಾರ ಕಲಿತದ್ದೇ ಅವರ ಪಕ್ಕ ನಿಂತು. ಜೋಡಿಸಲು ಒಪ್ಪದೆ ಸಾಬರು ಕೈ ಒರೆಸಿಕೊಂಡಾಗ ಅಜ್ಜ ಅಪ್ಪನತ್ತ ನೋಡಿದರು, ಅಷ್ಟೆ. ಅಪ್ಪ ಸ್ಪಾನರ್ ಎತ್ತಿಕೊಂಡ. ತಂತಿ ಜೋಡಿಸಿದ, ಫ್ಯೂಸು ಸಿಕ್ಕಿಸಿದ, ಮೇನ್ ಎತ್ತಿದ. ಗಿರಣಿಯ ಕಬ್ಬಿಣದಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಮೋಟಾರು ತಿರುಗುತ್ತಿದ್ದಂತೆ ಗಿರಣಿಯ ಕಬ್ಬಿಣದ ಬಾಯಿಗೆ ಮೊದಲ ಹಿಡಿ ಜೋಳ ಹಾಕಬೇಕಾದವಳು ಮನೆಯ ಸೊಸೆ, ಅಂದರೆ ಅವ್ವ. ಒದ್ದೆ ನೆಲ, ಬರಿಗಾಲು. ಅಜ್ಜನ ಬೆರಳು ಸ್ಟಾರ್ಟರಿನ ಹಸಿರು ಗುಂಡಿಯ ಮೇಲೆ ಕೂತಿತು.

ಅವ್ವ ಜೋಳದ ಮೊರ ಕೆಳಗಿಟ್ಟಳು. ಬಗ್ಗಿ, ಅಂಗೈ ಪೂರ್ತಿ ಅಂಟುವ ಹಾಗೆ ಬಲಗೈಯನ್ನು ಮೋಟಾರಿನ ಮೇಲಿಟ್ಟಳು.

“ಹಾಕ್ರಿ ಮಾವ. ಹೆಂಗೂ ಮುಟ್ಟೋಳು ನಾನೇ. ಈಗ್ಲೇ ಮುಟ್ಟೀನಿ.”

ತಂಗಿ ಅಳತೊಡಗಿದಳು. “ಏಯ್, ಕೈ ತೆಗಿಯೇ!” ಎಂದ ಅಪ್ಪ, ನಿಂತಲ್ಲಿಂದ ಕದಲಲಿಲ್ಲ. ಸಾಬರು ಮೇನ್ ಕಡೆ ಓಡಿದರು. ಅಜ್ಜನ ಉಗುರು ಬೆಳ್ಳಗಾದದ್ದು ನನಗೆ ಕಾಣುತ್ತಿತ್ತು.

ಸಾಬರ ಕೈ ಮೇನ್ ಮುಟ್ಟುವ ಮೊದಲೇ ಆ ಬೆರಳು ಗುಂಡಿ ಒತ್ತದೆ ಹಿಂದೆ ಸರಿಯಿತು. ಅಜ್ಜ ಮಂಡಕ್ಕಿಯನ್ನೂ ಮುಟ್ಟದೆ ಹೊರಗೆ ನಡೆದರು.

ಮುಂದೆ ಕೆಲವು ದಿನ ಮೋಟಾರಿಗೆ ಹಗಲು ಬಿಸಿಲು, ಸಂಜೆ ದೊಡ್ಡ ಬಲ್ಬಿನ ಶಾಖ. ಸೊಕ್ಕೆ ಊರಿನ ಕಡೆಯ ಗಿರಾಕಿಗಳು ಅಷ್ಟು ದಿನ ಬೇರೆ ಗಿರಣಿಗೆ ಹೋದರು. ಕೊನೆಗೆ ಮೂರನೇ ಸುತ್ತಿಗೂ ಮುಳ್ಳು ಎದ್ದಿತು. ಅಜ್ಜ ಮಾತ್ರ ಅವ್ವನೊಡನೆ ಮತ್ತೆಂದೂ ನೇರವಾಗಿ ಮಾತಾಡಲಿಲ್ಲ.

ಈಗ ಆ ಗಿರಣಿಯಿಲ್ಲ, ಅವ್ವನೂ ಇಲ್ಲ. ಹೊನ್ನಾಳಿಯಲ್ಲಿ ಹಳೆ ಮೋಟಾರು ಕೊಂಡು, ಮಾರಿ ನನ್ನ ಕಾಲ ಮೇಲೆ ನಿಂತಿದ್ದೇನೆ. ಎಂಥ ಬೆಲೆಯನ್ನಾದರೂ ಜಗ್ಗಾಡಿ ಇಳಿಸಬಲ್ಲೆ. ಈಗ ಮೆಗ್ಗರು ಸಣ್ಣದಾಗಿದೆ, ಅಂಕಿ ತಾನೇ ಮೂಡುತ್ತದೆ. ಅದನ್ನು ಗಿರಾಕಿಗೆ ತೋರಿಸಿಯೇ ಮೋಟಾರು ಕೊಡುತ್ತೇನೆ. “ನೆಂದ್ರೆ ಮತ್ತೆ ನೋಡಿಸ್ರಿ, ಒಣಗೋವರ್ಗೆ ಹಾಕಬ್ಯಾಡ್ರಿ” ಎನ್ನುತ್ತೇನೆ. “ಆತು ಬಿಡಣ್ಣ” ಎನ್ನುತ್ತಾರೆ.

ಆಗ ಒಂದು ಗುಂಡಿ ಒತ್ತುವಾಗ ಮನೆಮಂದಿಯೆಲ್ಲ ಸುತ್ತ ನಿಂತಿರುತ್ತಿದ್ದರು. ಈಗ ನ್ಯಾಮತಿಯವನೋ ಚನ್ನಗಿರಿಯವನೋ ಒಬ್ಬನೇ ಬಂದು ಮೋಟಾರು ಒಯ್ಯುತ್ತಾನೆ, ಹೊಲದ ಮೂಲೆಯ ಶೆಡ್ಡಿನಲ್ಲಿ ಒಬ್ಬನೇ ಗುಂಡಿ ಒತ್ತುತ್ತಾನೆ. ಓಡಿಸಿದ ಮೇಲೆ ಒಂದು ಫೋನು ಮಾಡಿ ಎಂದು ಎಲ್ಲರಿಗೂ ಹೇಳಿ ಕಳಿಸುತ್ತೇನೆ. ಹಬ್ಬದ ಮಾರನೇ ದಿನ ಫೋನು ಎದುರಿಗಿಟ್ಟುಕೊಂಡು ಕೂರುತ್ತೇನೆ.

ಎಲ್ಲರದೂ ಬರುವುದಿಲ್ಲ.